ಬುಲ್‌ನಲ್ಲಿ ನಿಂತಿದ್ದ ಆ ಒಂದು ಡಾರ್ಟ್: 2007ರ ವಿಶ್ವ ಫೈನಲ್ ಕುರಿತ ಪ್ರಕರಣ ಅಧ್ಯಯನ

ಇಂಗ್ಲೆಂಡಿನ ಎಸೆಕ್ಸ್‌ನಲ್ಲಿರುವ ಪರ್ಫ್ಲೀಟ್ ಎಂಬ ಊರಿನ ಸರ್ಕಸ್ ಟ್ಯಾವರ್ನ್‌ನಲ್ಲಿ 2007ರ ಜನವರಿ 1ರಂದು ಪಿಡಿಸಿ ಎಂಬ ವೃತ್ತಿಪರ ಸಂಸ್ಥೆಯ ವಿಶ್ವ ಡಾರ್ಟ್ಸ್ ಚಾಂಪಿಯನ್‌ಷಿಪ್‌ನ ಫೈನಲ್ ನಡೆಯಿತು. ಡಾರ್ಟ್ಸ್ ಎಂದರೆ ದುಂಡು ಬೋರ್ಡಿಗೆ ಮೊನೆಯುಳ್ಳ ಡಾರ್ಟ್ ಎಸೆದು ಅಂಕ ಗಳಿಸುವ ಆಟ, ಬೋರ್ಡಿನ ನಟ್ಟನಡುವಿನ ವೃತ್ತವೇ ಬುಲ್. ಮೊದಲು 7 ಸೆಟ್ ಗೆದ್ದವನಿಗೆ ಪ್ರಶಸ್ತಿ, ಜೊತೆಗೆ 1 ಲಕ್ಷ ಪೌಂಡ್. ಫಲಿತಾಂಶ 7–6. ಗೆದ್ದವನ ಸರಾಸರಿ 100.93, ಸೋತವನದು 100.86.

ಆ ಎರಡು ಸರಾಸರಿಗಳಿಗಾಗಿಯೇ ಈ ಪಂದ್ಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಮೂರು ಡಾರ್ಟ್‌ಗಳ ಒಂದು ಪಾಳಿಗೆ ವ್ಯತ್ಯಾಸ 0.07 ಅಂಕ. ಸೆಟ್‌ನೊಳಗಿನ ಒಂದೊಂದು ಸುತ್ತು ಒಂದು ಲೆಗ್: 501ರಿಂದ ಇಳಿಸುತ್ತ ಮೊದಲು ಸೊನ್ನೆ ಮುಟ್ಟಿದವನು ಅದನ್ನು ಗೆಲ್ಲುತ್ತಾನೆ, ಮೂರು ಲೆಗ್ ಗೆದ್ದವನಿಗೆ ಒಂದು ಸೆಟ್. ಒಂದು ಲೆಗ್‌ಗೆ ಆ ವ್ಯತ್ಯಾಸವನ್ನು ಇಳಿಸಿ ನೋಡಿದರೆ ಒಬ್ಬನಿಗೆ 14.89 ಡಾರ್ಟ್, ಇನ್ನೊಬ್ಬನಿಗೆ 14.90. ಅಂದರೆ ಒಂದು ಡಾರ್ಟ್‌ನ ನೂರನೇ ಒಂದು ಪಾಲು. ಇಷ್ಟು ಸರಿಸಮನಾಗಿ ಆಡಿದ ಇಬ್ಬರಲ್ಲಿ ಒಬ್ಬ ಸೋತದ್ದು ಎಲ್ಲಿ? ಕೌಶಲದಲ್ಲಿ ಹುಡುಕಿದರೆ ಉತ್ತರ ಸಿಗುವುದಿಲ್ಲ. ಪಂದ್ಯದ ರಚನೆಯಲ್ಲಿ ಮತ್ತು ಒಂದು ನಿರ್ಧಾರದಲ್ಲಿ ಹುಡುಕಬೇಕು.

ಆಟಗಾರರ ಹೆಸರನ್ನು ಬಳಸಿಲ್ಲ. ಡಾರ್ಟ್ಸ್ ಬಲ್ಲವರು ಗುರುತು ಹಿಡಿದೇ ಹಿಡಿಯುತ್ತಾರೆ. ಆದರೂ ಹೆಸರು ಕಂಡ ಕೂಡಲೇ ಅಭಿಮಾನ ಮುಂದೆ ಬಂದು ನಿಲ್ಲುತ್ತದೆ, ನಿರ್ಧಾರ ಮರೆಯಾಗುತ್ತದೆ. ಆದ್ದರಿಂದ ಒಬ್ಬನನ್ನು ಹಳಬ ಎಂದೂ ಇನ್ನೊಬ್ಬನನ್ನು ಹೊಸಬ ಎಂದೂ ಕರೆಯೋಣ.

ಹಿನ್ನೆಲೆ

1990ರ ದಶಕದ ಮೊದಲಲ್ಲಿ ವೃತ್ತಿಪರ ಡಾರ್ಟ್ಸ್ ಒಡೆದು ಎರಡಾಯಿತು. ಹಳೆಯ ಸಂಸ್ಥೆ ಬಿಡಿಓ ತನ್ನ ವಿಶ್ವ ಚಾಂಪಿಯನ್‌ಷಿಪ್ಪನ್ನು ಲೇಕ್‌ಸೈಡ್ ಎಂಬ ಸಭಾಂಗಣದಲ್ಲಿ ನಡೆಸುತ್ತಿತ್ತು. ಹೊರಬಂದವರು 1994ರಿಂದ ತಮ್ಮದೇ ಚಾಂಪಿಯನ್‌ಷಿಪ್ಪನ್ನು ಸರ್ಕಸ್ ಟ್ಯಾವರ್ನ್‌ನಲ್ಲಿ ಶುರು ಮಾಡಿದರು. ಅವರ ಸಂಸ್ಥೆಯೇ ಮುಂದೆ ಪಿಡಿಸಿ ಆಯಿತು. ಹೀಗಾಗಿ ವರ್ಷವರ್ಷವೂ ಇಬ್ಬರು ವಿಶ್ವ ಚಾಂಪಿಯನ್ನರು, ಇಬ್ಬರಲ್ಲಿ ಯಾರು ಹೆಚ್ಚು ಎಂಬ ಮುಗಿಯದ ವಾದ.

ಹಳಬ 2007ರ ಹೊತ್ತಿಗೆ ಎರಡೂ ಕಡೆ ಸೇರಿ 13 ವಿಶ್ವ ಪ್ರಶಸ್ತಿ ಗೆದ್ದಿದ್ದ. ಅವುಗಳಲ್ಲಿ 11 ಪಿಡಿಸಿಯದು, ಅದರಲ್ಲೂ 1995ರಿಂದ 2002ರವರೆಗೆ ಸತತ ಎಂಟು. ಹೊಸಬ ಎಂದರೆ ಆಟಕ್ಕೆ ಹೊಸಬನಲ್ಲ. ಬಿಡಿಓದಲ್ಲಿ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆಗಿ, 2006ರ ಜನವರಿಯ ಫೈನಲ್‌ನಲ್ಲಿ ತನ್ನದೇ ದೇಶದ ಎಳೆಯ ಆಟಗಾರನಿಗೆ ಸೋತು, ಅದಾದ ಮೇಲೆ ಪಿಡಿಸಿಗೆ ಬಂದವನು. ಈ ವಿಶ್ವ ಚಾಂಪಿಯನ್‌ಷಿಪ್ ಅವನಿಗೆ ಪಿಡಿಸಿಯಲ್ಲಿ ಮೊದಲನೆಯದು. ಸರ್ಕಸ್ ಟ್ಯಾವರ್ನ್‌ಗೆ ಅದೇ ಕೊನೆಯದು. ಮುಂದಿನ ಸಲದಿಂದ ಚಾಂಪಿಯನ್‌ಷಿಪ್ ಉತ್ತರ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ಗೆ ಹೋಯಿತು.

ಸಮಸ್ಯೆ: 3–0 ಎಂಬ ಮುನ್ನಡೆಯ ನಿಜವಾದ ಬೆಲೆ

ಹಳಬ ಮೊದಲ ಮೂರೂ ಸೆಟ್ ಗೆದ್ದ. 7 ಸೆಟ್‌ನ ಓಟದಲ್ಲಿ 3–0. ಬಹುತೇಕರು ಇಲ್ಲಿಗೆ ಪಂದ್ಯ ಮುಗಿಯಿತು ಎಂದುಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಹಾಗಿಲ್ಲ, ಮತ್ತು ಈ ಲೆಕ್ಕವನ್ನು ಟೂರ್ನಿ ಆಡುವ ಪ್ರತಿಯೊಬ್ಬರೂ ಬಾಯಿಪಾಠ ಮಾಡಿಟ್ಟುಕೊಳ್ಳಬೇಕು.

ಡಾರ್ಟ್ಸ್‌ನಲ್ಲಿ ಮೊದಲು ಎಸೆಯುವವನಿಗೆ ಸಿಗುವ ಲಾಭ ಟೆನಿಸ್‌ನ ಸರ್ವ್‌ನಂತೆ. 100ರ ಸರಾಸರಿಯ ಆಟಗಾರ 501ನ್ನು ಸುಮಾರು 15 ಡಾರ್ಟ್‌ಗಳಲ್ಲಿ ಮುಗಿಸುತ್ತಾನೆ. ಅವನು ಹದಿನೈದನೆಯದನ್ನು ಎಸೆಯುವಾಗ ಎದುರಾಳಿ ಎಸೆದಿರುವುದು 12. ಅದೇ ಸರಾಸರಿಯವನಾದರೆ ಅವನು 400 ಅಂಕ ಇಳಿಸಿ 101ರಲ್ಲಿ ನಿಂತಿರುತ್ತಾನೆ. 101 ಮೂರು ಡಾರ್ಟ್‌ನಲ್ಲಿ ಮುಗಿಸಬಹುದಾದ ಮೊತ್ತವೇ: ಟ್ರೆಬಲ್ 17 (ಮೂರು ಪಟ್ಟು, 51), ಒಂಟಿ 10, ಡಬಲ್ 20 (ಎರಡು ಪಟ್ಟು, 40). ಆದರೆ ಮುಗಿಸಲು ಪಾಳಿ ಸಿಕ್ಕರೆ ತಾನೇ? ಮೊದಲು ಎಸೆದವನು ಎಡವಿದರೆ ಮಾತ್ರ ಅದು ಸಿಗುತ್ತದೆ.

ಐದು ಲೆಗ್‌ನ ಒಂದು ಸೆಟ್‌ನಲ್ಲಿ ಸೆಟ್ ಆರಂಭಿಸಿದವನಿಗೆ 1, 3, 5ನೇ ಲೆಗ್‌ಗಳಲ್ಲಿ ಮೊದಲ ಎಸೆತ. ತನ್ನ ಎಸೆತದ ಮೂರೂ ಲೆಗ್ ಉಳಿಸಿಕೊಂಡರೆ ಸಾಕು, ಸೆಟ್ ಅವನದು. ಸೆಟ್‌ಗಳನ್ನು ಇಬ್ಬರೂ ಸರದಿಯ ಮೇಲೆ ಆರಂಭಿಸುತ್ತಾರೆ. 3–0 ಆದಾಗ ಉಳಿಯುವುದು 10 ಸೆಟ್, ಅವುಗಳಲ್ಲಿ ಇಬ್ಬರಿಗೂ ಐದೈದು ಆರಂಭ. ಹಿಂದೆ ಬಿದ್ದವನು ಆ ಹತ್ತರಲ್ಲಿ 7 ಗೆಲ್ಲಬೇಕು. ತನ್ನ ಐದನ್ನೂ ಬಿಟ್ಟುಕೊಡದೆ ಉಳಿಸಿಕೊಂಡು, ಎದುರಾಳಿ ಆರಂಭಿಸಿದ ಐದರಲ್ಲಿ ಎರಡನ್ನು ಕಿತ್ತುಕೊಂಡರೆ ಆಯಿತು. ಏಳು ಸೆಟ್ ಎಂದಾಗ ಬೆಟ್ಟದಂತೆ ಕಾಣುವ ಕೆಲಸ, ಎರಡು ಸೆಟ್ ಮುರಿಯಬೇಕು ಎಂದಾಗ ಮಾಡಬಲ್ಲ ಕೆಲಸವಾಗುತ್ತದೆ.

ಇನ್ನೊಂದು ಮಾತು. ಸೆಟ್ ಪದ್ಧತಿ ಹಿಂದಿನದನ್ನು ಅಳಿಸಿಹಾಕುತ್ತದೆ. 3–0 ಲೆಗ್‌ನಿಂದ ಗೆದ್ದ ಸೆಟ್ಟೂ ಒಂದೇ, 3–2ರಿಂದ ಗೆದ್ದದ್ದೂ ಒಂದೇ. ಒಂದು ಸೆಟ್ 3–0, ಮುಂದಿನ ಎರಡು 2–3 ಆದರೆ ಲೆಗ್‌ಗಳಲ್ಲಿ 7–6ರಿಂದ ಮುಂದಿರುವವನು ಸೆಟ್‌ಗಳಲ್ಲಿ 1–2ರಿಂದ ಹಿಂದಿರುತ್ತಾನೆ. ಹಿಂದೆ ಬಿದ್ದವನಿಗೆ ಇದು ವರ, ಮುಂದಿರುವವನಿಗೆ ಎಚ್ಚರಿಕೆ. ಹಳಬನಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. 2003ರಲ್ಲಿ ಇದೇ ವೇದಿಕೆಯ ಫೈನಲ್‌ನಲ್ಲಿ ಅವನು 7–6ರಿಂದ ಸೋತಿದ್ದ.

ನಡೆದದ್ದು

ಹೊಸಬ ಒಂದೊಂದೇ ಸೆಟ್ ಹತ್ತಿರ ಬಂದ. 6–6 ಆಯಿತು. ಕೊನೆಯ ಸೆಟ್‌ಗೆ ಬೇರೆ ನಿಯಮ: ಎರಡು ಲೆಗ್‌ಗಳ ಅಂತರದಿಂದ ಗೆಲ್ಲಬೇಕು. 2–2 ಆದರೆ ಆಟ ಮುಂದುವರಿಯುತ್ತದೆ. 3–3, 4–4 ಹೀಗೆ. 5–5 ಆದರೆ ಮಾತ್ರ ಒಂದೇ ಒಂದು ನಿರ್ಣಾಯಕ ಲೆಗ್, ಸಡನ್ ಡೆತ್. ಅಲ್ಲಿಯವರೆಗೆ ನಡೆದ ಹತ್ತು ಲೆಗ್‌ಗಳಲ್ಲಿ ಇಬ್ಬರಿಗೂ ಐದೈದು ಬಾರಿ ಮೊದಲ ಎಸೆತ ಸಿಕ್ಕಿರುತ್ತದೆ. ಹನ್ನೊಂದನೆಯದನ್ನು ಸರದಿಯ ಮೇಲೆ ಕೊಟ್ಟರೆ ಒಬ್ಬನಿಗೆ ಆರನೆಯ ಅವಕಾಶ ಪುಕ್ಕಟೆಯಾಗಿ ಸಿಕ್ಕಂತೆ. ಅದಕ್ಕೇ ಆಗ ಬುಲ್‌ಗೆ ಎಸೆದು ತೀರ್ಮಾನಿಸುತ್ತಿದ್ದರು: ತಲಾ ಒಂದು ಡಾರ್ಟ್, ನಡುವಿಗೆ ಹತ್ತಿರ ಬಿದ್ದವನದು ಮೊದಲ ಎಸೆತ.

ಪಂದ್ಯ 5–5ಕ್ಕೆ ಬಂದು ನಿಂತಿತು.

ಕ್ರಿಕೆಟ್ ನೋಡುವವರು ಇದನ್ನು ಟಾಸ್ ಎಂದುಕೊಳ್ಳಬಾರದು. ಟಾಸ್‌ನಲ್ಲಿ ಕೌಶಲವಿಲ್ಲ. ಇಲ್ಲಿ 2.37 ಮೀಟರ್ ದೂರದಿಂದ, 12.7 ಮಿಲಿಮೀಟರ್ ವ್ಯಾಸದ ಕೆಂಪು ವೃತ್ತಕ್ಕೆ, ಅಂದರೆ ಒಳಬುಲ್‌ಗೆ, ಒಂಟಿ ಡಾರ್ಟ್ ಬಿಡಬೇಕು. ಅದರ ಸುತ್ತಲಿನ ಹಸಿರು ಉಂಗುರ, ಅಂದರೆ 25, ಹೊರ ಅಂಚಿನವರೆಗೆ ಅಳೆದರೆ ಸುಮಾರು 32 ಮಿಲಿಮೀಟರ್ ವ್ಯಾಸ. ಟ್ರೆಬಲ್ 20ಕ್ಕೆ ಗಂಟೆಗಟ್ಟಲೆ ಎಸೆದ ಕೈಯನ್ನು ಒಮ್ಮೆಗೇ ಬೋರ್ಡಿನ ನಡುವಿಗೆ ಇಳಿಸಬೇಕು. ಸುಮಾರು 10 ಸೆಂಟಿಮೀಟರ್ ಕೆಳಗೆ.

ಹೊಸಬ ಮೊದಲು ಎಸೆದ. ಡಾರ್ಟ್ ಒಳಬುಲ್‌ನಲ್ಲಿ ನಿಂತಿತು.

ತಿರುವು: ಇರಲಿ ಎನ್ನಬೇಕೆ, ತೆಗೆಸಬೇಕೆ

ಎರಡನೆಯವನಿಗೆ ಇಲ್ಲೊಂದು ಹಕ್ಕಿದೆ. ಮೊದಲ ಡಾರ್ಟ್ ಬುಲ್‌ನಲ್ಲೋ 25ರಲ್ಲೋ ಇದ್ದರೆ, ಹೌದು ಅದು ಅಲ್ಲಿದೆ ಎಂದು ಒಪ್ಪಿಕೊಂಡು, ಅದನ್ನು ತೆಗೆದುಬಿಡಿ ಎಂದು ಅಂಕ ಕೂಗುವ ಕಾಲರ್‌ಗೆ ಹೇಳಬಹುದು. ಇರಲಿ ಎಂದರೆ ಅದು ಅಲ್ಲೇ ಇರುತ್ತದೆ. ಹಳಬ ಇರಲಿ ಎಂದ. ಅವನ ಡಾರ್ಟ್ ಒಳಬುಲ್ ಸೇರಲಿಲ್ಲ, 25ರಲ್ಲಿ ನಿಂತಿತು. ನಿರ್ಣಾಯಕ ಲೆಗ್‌ನ ಮೊದಲ ಎಸೆತ ಹೊಸಬನ ಪಾಲಾಯಿತು. ಡಬಲ್ 20ಕ್ಕೆ ಹೊಡೆದು ಅವನು ವಿಶ್ವ ಚಾಂಪಿಯನ್ ಆದ.

ಹಳಬನ ನಿರ್ಧಾರ ತಪ್ಪೇ? ಫಲಿತಾಂಶ ನೋಡಿ ಹೌದು ಎನ್ನುವುದು ಸುಲಭ, ಆದರೆ ಅದು ನ್ಯಾಯವಲ್ಲ. ಡಾರ್ಟ್ ಅಲ್ಲೇ ಇರಲಿ ಎನ್ನುವುದಕ್ಕೆ ಗಟ್ಟಿ ಕಾರಣಗಳಿವೆ. ಅವುಗಳನ್ನು ಅವನ ಜಾಗದಲ್ಲಿ ನಿಂತು ತೂಗಬೇಕು.

ಮೊದಲು, ಅವನು ಏನು ಗೆಲ್ಲಬಹುದಿತ್ತು? ಎದುರಾಳಿಯ ಡಾರ್ಟ್ ಒಳಬುಲ್‌ನಲ್ಲಿದೆ. ಇವನದೂ ಒಳಬುಲ್ ಸೇರಿದರೆ ಸಮ, ಆಗ ಸರದಿ ತಿರುಗಿಸಿ ಮತ್ತೆ ಎಸೆಯಬೇಕು. 25ಕ್ಕೆ ಬಿದ್ದರೂ, 20ಕ್ಕೆ ಬಿದ್ದರೂ ಸೋಲು. ಅಂದರೆ ಈ ಎಸೆತದಲ್ಲಿ ಗೆಲುವು ಎಂಬುದೇ ಇಲ್ಲ, ಉಳಿಯುವುದೊಂದೇ ಇರುವುದು. ಹತ್ತಿರ ಬಿದ್ದರೆ ಸಾಕು ಎಂಬ ಮನಸ್ಸಿನಿಂದ ಎಸೆದರೆ ಕೆಲಸ ಕೆಟ್ಟಂತೆ. 12.7 ಮಿಲಿಮೀಟರ್ ಬಿಟ್ಟು ಬೋರ್ಡಿನಲ್ಲಿ ಬೇರೇನೂ ಇಲ್ಲ ಎಂದುಕೊಳ್ಳಬೇಕು.

ಇರಲಿ ಎನ್ನುವವರ ವಾದ ಇದು: ನಿಂತ ಡಾರ್ಟ್ ಗುರುತಿನ ಕಂಬದಂತೆ. ಕಣ್ಣಿಗೆ ಹಿಡಿತ ಸಿಗುತ್ತದೆ. ಅದರ ಬ್ಯಾರೆಲ್‌ಗೆ, ಅಂದರೆ ಕೈಯಲ್ಲಿ ಹಿಡಿಯುವ ಲೋಹದ ಭಾಗಕ್ಕೆ, ತಾಗಿದ ಡಾರ್ಟ್ ಜಾರಿಕೊಂಡು ಒಳಗೇ ಹೋಗಬಹುದು. ಟ್ರೆಬಲ್ 20ರಲ್ಲಿ ಮೊದಲ ಡಾರ್ಟ್‌ಗೆ ಒರಗಿ ಎರಡನೆಯದು, ಎರಡನೆಯದಕ್ಕೆ ಒರಗಿ ಮೂರನೆಯದು ನಿಂತು 180 ಆಗುವುದನ್ನು ವೃತ್ತಿಪರರು ದಿನಾ ನೋಡುತ್ತಾರೆ. ಆ ಅನುಭವವೇ ಇರಲಿ ಎಂದು ಹೇಳಿಸುವುದು.

ಆದರೆ ಬುಲ್ ಟ್ರೆಬಲ್‌ನಂತಲ್ಲ. ಇದನ್ನು ಅಳತೆಯಲ್ಲೇ ನೋಡಬೇಕು. ಟ್ರೆಬಲ್ 20ರ ಮನೆ 8 ಮಿಲಿಮೀಟರ್ ಎತ್ತರವಾದರೂ ಅಗಲ 30 ಮಿಲಿಮೀಟರ್‌ಗೂ ಹೆಚ್ಚು. ಬ್ಯಾರೆಲ್ ದಪ್ಪ ಸಾಮಾನ್ಯವಾಗಿ 6ರಿಂದ 7 ಮಿಲಿಮೀಟರ್. ಹಾಗಾಗಿ ಮೂರು ಡಾರ್ಟ್ ಪಕ್ಕಪಕ್ಕದಲ್ಲಿ ಅಲ್ಲಿ ಸಲೀಸಾಗಿ ಹಿಡಿಯುತ್ತವೆ, ಜಾರಿದರೂ ಅಡ್ಡಕ್ಕೆ ಜಾರಿ ಅದೇ ಮನೆಯಲ್ಲಿ ಉಳಿಯುತ್ತವೆ. ಬುಲ್‌ನಲ್ಲಿ ಯಾವ ದಿಕ್ಕಿಗೆ ಹೋದರೂ 12.7 ಅಷ್ಟೇ. ಮೊದಲ ಡಾರ್ಟ್ ಸರಿಯಾಗಿ ನಟ್ಟನಡುವೆ ಇದೆ ಎಂದುಕೊಳ್ಳಿ. 6.5 ಮಿಲಿಮೀಟರ್ ದಪ್ಪದ ಎರಡು ಬ್ಯಾರೆಲ್‌ಗಳು ಒಂದಕ್ಕೊಂದು ಒತ್ತಿ ನೇರ ನಿಂತರೆ ಎರಡರ ನಡುಗೆರೆಗಳ ಅಂತರ 6.5. ಬುಲ್‌ನ ತ್ರಿಜ್ಯ 6.35. ಎರಡನೆಯದರ ಮೊನೆ ತಂತಿಯ ಆಚೆಗೆ, 25ಕ್ಕೆ ಬೀಳುತ್ತದೆ. ನಿಜವಾದ ಆಟದಲ್ಲಿ ಡಾರ್ಟ್‌ಗಳು ಓರೆಯಾಗಿ ನಿಲ್ಲುತ್ತವೆ, ಮೊನೆ ಬ್ಯಾರೆಲ್‌ಗಿಂತ ಸಣ್ಣ, ಹಾಗಾಗಿ ಎರಡು ಡಾರ್ಟ್ ಬುಲ್‌ನಲ್ಲಿ ಹಿಡಿಯುವುದು ಉಂಟು. ಆದರೆ ಅಂಚು ಎಷ್ಟು ತೆಳು ಎಂದು ಈ ಅಂಕಿಗಳು ಹೇಳುತ್ತವೆ.

ಈಗ ಮೊದಲ ಡಾರ್ಟ್ ನಡುವಿನಿಂದ 4 ಮಿಲಿಮೀಟರ್ ಎಡಕ್ಕೆ ಇದೆ ಎನ್ನಿ. ಅದರ ಬಲ ಮಗ್ಗುಲಿಗೆ ತಾಗಿ ಜಾರಿದ ಡಾರ್ಟ್ ನಡುವಿನಿಂದ ಬರೀ 2.5 ಮಿಲಿಮೀಟರ್ ಬಲಕ್ಕೆ ನಿಲ್ಲುತ್ತದೆ. ಪಕ್ಕಾ ಬುಲ್. ಅದೇ ಎಡ ಮಗ್ಗುಲಿಗೆ ತಾಗಿದರೆ ಹೊರಗೆ. ಅಂದಮೇಲೆ ಕೇಳಬೇಕಾದ ಪ್ರಶ್ನೆ ಬುಲ್‌ನಲ್ಲಿ ಡಾರ್ಟ್ ಇದೆಯೇ ಎಂಬುದಲ್ಲ, ಬುಲ್‌ನ ಯಾವ ಭಾಗದಲ್ಲಿದೆ, ಯಾವ ಕಡೆಗೆ ವಾಲಿದೆ ಎಂಬುದು. ಅಂಚಿಗೆ ಕೂತು ಹೊರಕ್ಕೆ ವಾಲಿದ್ದರೆ ಇರಲಿ. ಅದು ದಾರಿ ಬಿಟ್ಟುಕೊಟ್ಟಿದೆ, ಒಂದು ಮಗ್ಗುಲಿಗೆ ಗೋಡೆಯಾಗಿಯೂ ನಿಂತಿದೆ. ನಟ್ಟನಡುವೆ ಇದ್ದರೆ, ಅಥವಾ ತೆರೆದ ಜಾಗದ ಮೇಲೆ ವಾಲಿ ಮುಚ್ಚಿದ್ದರೆ ತೆಗೆಸಿಬಿಡಬೇಕು.

ಕಣ್ಣಿನ ತೊಂದರೆಯೂ ಇದೆ. ಬುಲ್ ನೆಲದಿಂದ 1.73 ಮೀಟರ್ ಎತ್ತರದಲ್ಲಿದೆ, ಬಹುತೇಕ ಆಟಗಾರರ ಕಣ್ಣಿನ ಮಟ್ಟಕ್ಕೆ ಹತ್ತಿರ. ಡಾರ್ಟ್‌ನ ಬಾಲದ ಫ್ಲೈಟ್ ಬುಲ್‌ಗಿಂತ ಅಗಲ. ಎಸೆಯುವ ಗೆರೆಯ ಹತ್ತಿರ ನಿಂತು ನೋಡಿದರೆ ಫ್ಲೈಟ್ ಕಾಣುತ್ತದೆ, ಕೆಂಪು ಕಾಣುವುದಿಲ್ಲ. ಆಗ ಗುರಿ ಇಡುವುದು ಬುಲ್‌ಗಲ್ಲ, ಫ್ಲೈಟ್‌ಗೆ. ಡಾರ್ಟ್ ತುಸು ಮೇಲಕ್ಕೋ ಕೆಳಕ್ಕೋ ವಾಲಿ ನಿಂತಿದ್ದರೆ ಬಾಲ ಒಂದು ಕಡೆ, ಮೊನೆ ಇನ್ನೊಂದು ಕಡೆ. ಬಾಲ ನೋಡಿ ಎಸೆದವನು ಆ ವ್ಯತ್ಯಾಸದಷ್ಟು ತಪ್ಪುತ್ತಾನೆ. ಬುಲ್‌ನಲ್ಲಿ ಏಳು ಮಿಲಿಮೀಟರ್ ತಪ್ಪಿದರೆ ಎಲ್ಲವೂ ತಪ್ಪಿದಂತೆಯೇ.

ನಮ್ಮ ತೀರ್ಪು ಇದು: ಸಮ ಮಾಡಿಕೊಳ್ಳಲೇಬೇಕಾದ ಎಸೆತದಲ್ಲಿ, ಅದೂ ವಿಶ್ವ ಫೈನಲ್‌ನ ಕೊನೆಯ ಲೆಗ್‌ಗೆ, ತೆರೆದ ಬುಲ್ ಮೇಲು. ತೆರೆದ ಬುಲ್‌ಗೆ ಎಸೆಯುವುದನ್ನು ಕೈ ಸಾವಿರಾರು ಸಲ ಮಾಡಿರುತ್ತದೆ. ನಿಂತ ಡಾರ್ಟ್‌ನ ಪಕ್ಕಕ್ಕೆ, ಒಂದೇ ಡಾರ್ಟ್‌ನಲ್ಲಿ ಎಸೆಯುವುದನ್ನು ಬಹಳ ಮಂದಿ ಅಭ್ಯಾಸವನ್ನೇ ಮಾಡಿರುವುದಿಲ್ಲ. ಅಭ್ಯಾಸ ಮಾಡಿ, ತನಗೆ ಅದರಿಂದ ಲಾಭ ಎಂದು ಲೆಕ್ಕ ಸಮೇತ ಗೊತ್ತಿರುವವನು ಇರಲಿ ಎನ್ನಬಹುದು. ಅವನಿಗೆ ಅದು ಪಣವಲ್ಲ, ತಿಳಿವಳಿಕೆ.

ಇದನ್ನು ಅಭ್ಯಾಸದಲ್ಲಿ ಹೇಗೆ ತರುವುದು

ಆ ಲೆಕ್ಕ ತಿಳಿಯಲು ಕಷ್ಟವಿಲ್ಲ. ಒಂದು ಡಾರ್ಟನ್ನು ಕೈಯಿಂದಲೇ ಬುಲ್‌ನ ನಟ್ಟನಡುವೆ ಚುಚ್ಚಿ. ಗೆರೆಗೆ ಬಂದು ಒಂದೇ ಡಾರ್ಟ್ ಎಸೆಯಿರಿ. ನಡೆದು ಹೋಗಿ ಕಿತ್ತುಕೊಂಡು ಬನ್ನಿ. ಹೀಗೆ 20 ಸಲ. ಒಳಬುಲ್‌ಗೆ ಬಿದ್ದದ್ದನ್ನು ಮಾತ್ರ ಬರೆದುಕೊಳ್ಳಿ, 25 ಲೆಕ್ಕಕ್ಕಿಲ್ಲ. ಆಮೇಲೆ ಚುಚ್ಚಿದ ಡಾರ್ಟನ್ನು ಎಡ ಅಂಚಿಗೆ, ಬಲ ಅಂಚಿಗೆ, ಮೇಲೆ, ಕೆಳಗೆ ಸರಿಸಿ ತಲಾ 20. ಕೊನೆಗೆ ಖಾಲಿ ಬುಲ್‌ಗೆ 20. ಒಂದು ದಿನದ ಅಂಕಿ ನಂಬಬೇಡಿ. ಹತ್ತು ದಿನ ಮಾಡಿದರೆ ಪ್ರತಿ ಜಾಗಕ್ಕೂ 200 ಎಸೆತದ ಲೆಕ್ಕ ಕೈಗೆ ಬರುತ್ತದೆ. ಬಲಗೈ ಆಟಗಾರರಲ್ಲೇ ಒಬ್ಬೊಬ್ಬರ ಡಾರ್ಟ್ ಒಂದೊಂದು ಕೋನದಲ್ಲಿ ಬರುತ್ತದೆ, ಆದ್ದರಿಂದ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಆಗಿಬರುವುದಿಲ್ಲ.

ಇಲ್ಲಿ ಎಡವುವುದು ಒಂದೇ ಕಡೆ. ಬೇಸರವಾಗಿ ಮೂರೂ ಡಾರ್ಟ್ ಒಟ್ಟಿಗೆ ಎಸೆದುಬಿಡುತ್ತಾರೆ. ಮೊದಲನೆಯದು ಎಲ್ಲಿ ಬಿತ್ತು ಎಂದು ನೋಡಿ ಎರಡನೆಯದನ್ನು ಕೈ ತಾನಾಗಿಯೇ ತಿದ್ದಿಕೊಳ್ಳುತ್ತದೆ, ಅಂಕಿ ಚೆನ್ನಾಗಿ ಕಾಣುತ್ತದೆ. ಪಂದ್ಯದಲ್ಲಿ ಆ ತಿದ್ದುಪಡಿಗೆ ಅವಕಾಶವಿಲ್ಲ. ಸಾಧ್ಯವಾದರೆ ಹತ್ತು ನಿಮಿಷ ಟ್ರೆಬಲ್ 20ಕ್ಕೆ ಆಡಿ, ನಡುವೆ ಒಮ್ಮೆಗೇ ಬಂದು ಬುಲ್‌ಗೆ ಒಂದು ಎಸೆಯುವುದು ಇನ್ನೂ ಒಳ್ಳೆಯದು. ಪಂದ್ಯದಲ್ಲಿ ಆಗುವುದು ಹಾಗೇ.

ತೀರ್ಮಾನವನ್ನು ಗೆರೆಗೆ ಬರುವ ಮುಂಚೆಯೇ ಮಾಡಿಕೊಂಡಿರಬೇಕು. ನಡುವೆ ಇದ್ದರೆ ತೆಗೆಸುತ್ತೇನೆ, ಇಂಥ ಅಂಚಿನಲ್ಲಿದ್ದರೆ ಬಿಡುತ್ತೇನೆ ಎಂದು. ಎದುರಾಳಿಯ ಡಾರ್ಟ್ ಬುಲ್‌ಗೆ ಹೊಕ್ಕು ಸಭಾಂಗಣವೆಲ್ಲ ಕೂಗುತ್ತಿರುವಾಗ ಕೂತು ಯೋಚಿಸಲು ಆಗುವುದಿಲ್ಲ. ತೆಗೆಸಬೇಕೆಂದಿದ್ದರೆ ಎಸೆಯುವ ಮೊದಲೇ ಕಾಲರ್‌ಗೆ ಸ್ಪಷ್ಟವಾಗಿ ಹೇಳಬೇಕು. ಡಾರ್ಟ್ ಪುಟಿದು ನೆಲಕ್ಕೆ ಬಿದ್ದರೆ ಗಾಬರಿಯಾಗಬೇಕಿಲ್ಲ. ಬೋರ್ಡಿನಲ್ಲಿ ನಿಲ್ಲುವವರೆಗೆ ಮತ್ತೆ ಎಸೆಯಲು ಬಿಡುತ್ತಾರೆ.

ಈ ಮಾತು ವಿಶ್ವ ಫೈನಲ್‌ಗೆ ಮಾತ್ರವಲ್ಲ. ಕ್ಲಬ್ ಟೂರ್ನಿಗಳಲ್ಲಿ ಪ್ರತಿ ಪಂದ್ಯವೂ ಬುಲ್‌ನಿಂದ ಶುರುವಾಗುವುದು ಸಾಮಾನ್ಯ. ಐದು ಲೆಗ್‌ನ ಪಂದ್ಯದಲ್ಲಿ ಬುಲ್ ಗೆದ್ದವನಿಗೆ ಮೂರು ಲೆಗ್‌ಗಳ ಮೊದಲ ಎಸೆತ ಸಿಗುತ್ತದೆ. ಯಾವ ಮೊತ್ತವನ್ನು ಹೇಗೆ ಮುಗಿಸುವುದು ಎಂಬ ಚೆಕ್‌ಔಟ್ ಪಟ್ಟಿಯನ್ನು ಉರು ಹೊಡೆಯಲು ವರ್ಷಗಳನ್ನು ಕೊಡುವವರು ಇದಕ್ಕೆ ದಿನಕ್ಕೆ ಸ್ವಲ್ಪ ಹೊತ್ತೂ ಕೊಡದಿರುವುದು ದೊಡ್ಡ ನಷ್ಟ.

ಆಮೇಲೆ

ಇದೇ ಇಬ್ಬರು ಎರಡು ವರ್ಷದ ನಂತರ, 2009ರ ಜನವರಿಯಲ್ಲಿ, ಅಲೆಕ್ಸಾಂಡ್ರಾ ಪ್ಯಾಲೇಸ್‌ನ ಫೈನಲ್‌ನಲ್ಲಿ ಮತ್ತೆ ಎದುರಾದರು. ಹೊಸಬ ಅದೇ ಟೂರ್ನಿಯ ಕ್ವಾರ್ಟರ್ ಫೈನಲ್‌ನಲ್ಲಿ ಒಂಬತ್ತೇ ಡಾರ್ಟ್‌ನಲ್ಲಿ 501 ಮುಗಿಸಿ ಬಂದಿದ್ದ. ಪಿಡಿಸಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದು ಮೊದಲ ಸಲ. ಫೈನಲ್‌ನಲ್ಲೂ ಅವನ ಸರಾಸರಿ 100 ದಾಟಿತ್ತು, 2007ರಲ್ಲಿ ಗೆದ್ದಾಗಿನ ಮಟ್ಟವೇ. ಹಳಬನ ಸರಾಸರಿ ಮಾತ್ರ 110.94. ಲೆಗ್‌ಗೆ ಇಳಿಸಿದರೆ 13.5 ಡಾರ್ಟ್‌ನ ಆಸುಪಾಸು. ಎದುರಾಳಿಗಿಂತ ಪ್ರತಿ ಲೆಗ್‌ನಲ್ಲೂ ಒಂದಕ್ಕಿಂತ ಹೆಚ್ಚು ಡಾರ್ಟ್ ಬೇಗ. 2007ರಲ್ಲಿ ಆ ಅಂತರ ನೂರನೇ ಒಂದು ಪಾಲಿತ್ತು. ಈ ಸಲ ಕೊನೆಯ ಸೆಟ್ಟೂ ಬರಲಿಲ್ಲ, ಬುಲ್‌ಗೆ ಎಸೆದು ತೀರ್ಮಾನಿಸುವ ಪ್ರಮೇಯವೂ ಬರಲಿಲ್ಲ. ಹಳಬ 7–1ರಿಂದ ಗೆದ್ದ.